ಲಂಚ ಕೊಟ್ಟವರೂ ತಪ್ಪಿತಸ್ಥರೇ? ಕೊಡಗಿನ ಕಡತ, ಕಾನೂನು ಮತ್ತು ಕ್ರೈಸ್ತ ನಿರೀಕ್ಷೆ

‘ಲೋಕಾಯುಕ್ತ ಬಲೆಗೆ ಬಿದ್ದ ಅಧಿಕಾರಿ’ ಎಂಬ ತಲೆಬರಹ ಕೊಡಗಿನ ಓದುಗರಿಗೆ ಹೊಸದಲ್ಲ. ಗೊಂದಲ ಹುಟ್ಟಿಸುವುದು ಅದರ ನಂತರದ ಸುದ್ದಿಗಳು. ಹಿಡಿದರು, ಅಮಾನತು ಮಾಡಿದರು ಎಂದು ಓದಿರುತ್ತೇವೆ. ಸ್ವಲ್ಪ ಕಾಲ ಕಳೆದರೆ ಅದೇ ವ್ಯಕ್ತಿ ಇನ್ನೊಂದು ಕಚೇರಿಯಲ್ಲಿ ಕುಳಿತಿರುತ್ತಾರೆ. ವರ್ಷಗಳ ಮೇಲೆ ಒಂದು ದಿನ ಒಳಪುಟದ ಮೂಲೆಯಲ್ಲಿ ಖುಲಾಸೆಯ ಸುದ್ದಿ ಬರುತ್ತದೆ. ಇದರ ಜೊತೆಗೆ, ಈಗ ಕೊಟ್ಟವರ ಮೇಲೂ ಕೇಸು ಹಾಕಬಹುದಂತೆ ಎಂಬ ಮಾತು.

ವಿರಾಜಪೇಟೆ, ಸಿದ್ದಾಪುರ, ಸುಂಟಿಕೊಪ್ಪ, ಕುಶಾಲನಗರದ ಕ್ರೈಸ್ತ ಮನೆಗಳಲ್ಲಿ ಇದರಿಂದ ಎರಡು ಪ್ರಶ್ನೆ ಏಳುತ್ತವೆ. ಬೇರೆ ದಾರಿ ಕಾಣದೆ ಕೊಟ್ಟರೆ ಅದೂ ಪಾಪವೇ? ಕರ್ತನೇ ಬಂದು ಎಲ್ಲವನ್ನೂ ಸರಿಮಾಡುತ್ತಾನೆಂದು ನಂಬಿದವರು ಕಚೇರಿಯ ಕಿಟಕಿ ಮುಂದೆ ಹೋರಾಡುವುದೇಕೆ?

ಎರಡಕ್ಕೂ ಉತ್ತರ ಒಂದೇ ಕಡೆ ಸಿಗುತ್ತದೆ. ಲಂಚದ ವ್ಯವಹಾರದಲ್ಲಿ ಹೆಚ್ಚಿನ ಸಲ ಮಾರಾಟವಾಗುವ ಸರಕು ಸಮಯ. ಕ್ರೈಸ್ತರು ನಿರೀಕ್ಷೆ ಎಂದು ಕರೆಯುವುದು ಕಾಯುವ ಬಲವನ್ನು. ಆ ಕಾಯುವಿಕೆಗೆ ಖರ್ಚಿದೆ, ಆ ಖರ್ಚನ್ನು ಅರ್ಜಿ ಹಾಕಿದ ಒಬ್ಬರ ತಲೆಗೇ ಕಟ್ಟಿ ಬಿಡುವ ತನಕ ಬೋಧನೆ ಎಷ್ಟೇ ಚೆನ್ನಾಗಿದ್ದರೂ ಲಂಚ ನಿಲ್ಲುವುದಿಲ್ಲ.

ಏಳು ದಿನದ ನಿಯಮ

ಭ್ರಷ್ಟಾಚಾರ ತಡೆ ಕಾಯ್ದೆ 1988ರದ್ದು. 2018ರ ತಿದ್ದುಪಡಿಯಲ್ಲಿ ಅದರ 8ನೇ ಕಲಮು ಬದಲಾಯಿತು. ಲಂಚ ಕೊಡುವುದು ಈಗ ಸ್ವತಂತ್ರ ಅಪರಾಧ. 7 ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ಪಡೆದ ಅಧಿಕಾರಿಗೆ 7ನೇ ಕಲಮಿನಡಿ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ.

ಆದರೆ ಅದೇ 8ನೇ ಕಲಮಿನಲ್ಲಿ ಎರಡು ಬಾಗಿಲು ತೆರೆದಿವೆ. ಬಲವಂತಕ್ಕೆ ಸಿಕ್ಕಿ ಕೊಟ್ಟವರು ಕೊಟ್ಟ ದಿನದಿಂದ 7 ದಿನದೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಿದರೆ ಈ ಕಲಮು ಅವರಿಗೆ ಅನ್ವಯಿಸುವುದಿಲ್ಲ. ಮೊದಲೇ ತಿಳಿಸಿ, ತನಿಖೆಗೆ ನೆರವಾಗಲೆಂದು ಕೊಟ್ಟರೆ ಅದೂ ಅಪರಾಧವಲ್ಲ. ಹಾಗಾಗಿ ‘ಕೊಟ್ಟವನೂ ಕಳ್ಳ’ ಎಂಬ ಮಾತು ಅರ್ಧ ಸತ್ಯ. ಒಂದು ಭಾನುವಾರದಿಂದ ಮುಂದಿನ ಭಾನುವಾರದೊಳಗೆ ಬಾಯಿ ಬಿಟ್ಟವರಿಗೆ ಕಾನೂನು ರಕ್ಷಣೆ ಕೊಡುತ್ತದೆ. ಎಂಟನೇ ದಿನದಿಂದ ಬಾಯಿ ಮುಚ್ಚಿಕೊಂಡವರು ಪಡೆದವರ ಜೊತೆ ಒಂದೇ ದೋಣಿಯಲ್ಲಿರುತ್ತಾರೆ, ಮತ್ತು ಅದು ಪಡೆದವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಅಮಾನತಾದವರು ಮರಳಿ ಬರುವುದೇಕೆ? ಅಮಾನತು ಶಿಕ್ಷೆಯಲ್ಲ, ತನಿಖೆಗೆ ಅಡ್ಡಿಯಾಗದಿರಲೆಂದು ದೂರ ಇಡುವ ಕ್ರಮ. ವಿಚಾರಣೆ ಎಳೆದಷ್ಟೂ ಅದನ್ನು ಮುಂದುವರಿಸುವುದು ಕಷ್ಟ, ಆಗ ಬೇರೆ ಜಾಗಕ್ಕೆ ಹಾಕುತ್ತಾರೆ. ಆರೋಪಪಟ್ಟಿಯ ಮೇಲೆ ನ್ಯಾಯಾಲಯ ಮುಂದುವರಿಯಲು 19ನೇ ಕಲಮಿನಡಿ ಮೇಲಧಿಕಾರಿಯ ಅನುಮತಿ ಬೇಕು. ಅಲ್ಲೂ ಒಂದು ಕಡತ, ಅಲ್ಲೂ ಒಂದು ಮೇಜು. ಕರ್ನಾಟಕದಲ್ಲಂತೂ ತನಿಖೆ ಮಾಡುವವರೇ ಬದಲಾಗುತ್ತ ಬಂದರು. ಲೋಕಾಯುಕ್ತ ಕಾಯ್ದೆ 1984ರದ್ದು. 2016ರಲ್ಲಿ ಭ್ರಷ್ಟಾಚಾರ ನಿಗ್ರಹ ದಳ ಬಂತು. 2022ರ ಆಗಸ್ಟ್ 11ರಂದು ಹೈಕೋರ್ಟ್ ಅದನ್ನು ರದ್ದುಮಾಡಿ ಪ್ರಕರಣಗಳನ್ನು ಲೋಕಾಯುಕ್ತ ಪೊಲೀಸರಿಗೆ ಒಪ್ಪಿಸಿತು.

ಬಲೆ ಎಲ್ಲಿ ಹರಿಯುತ್ತದೆ

ದೂರುದಾರರು ಲಿಖಿತ ದೂರು ಕೊಡುತ್ತಾರೆ. ಬೇಡಿಕೆ ನಿಜವೇ ಎಂದು ನೋಡಲು ಸಾಮಾನ್ಯವಾಗಿ ಧ್ವನಿಮುದ್ರಣ ಮಾಡಿಸುತ್ತಾರೆ. ಎಫ್‌ಐಆರ್ ಆಗುತ್ತದೆ. ಇಬ್ಬರು ಪಂಚರ ಎದುರು ನೋಟುಗಳ ಸಂಖ್ಯೆ ಬರೆದುಕೊಂಡು, ಅವಕ್ಕೆ ಫಿನಾಫ್ತಲೀನ್ ಪುಡಿ ಸವರುತ್ತಾರೆ. ಇದು ಮೊದಲ ಮಹಜರು. ದೂರುದಾರರು ಹೋಗುವಾಗ ನೆರಳಿನಂತೆ ಒಬ್ಬ ಸಾಕ್ಷಿಯೂ ಇರುತ್ತಾರೆ. ಅಧಿಕಾರಿ ಕೇಳಿದ ಮೇಲೆಯೇ ದೂರುದಾರರು ಕೊಡಬೇಕು. ತಾನಾಗಿ ಮುಂದೆ ಚಾಚಬಾರದು. ಸನ್ನೆ ಸಿಕ್ಕ ಕೂಡಲೇ ಪೊಲೀಸರು ಬಂದು ಅಧಿಕಾರಿಯ ಕೈಯನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ತೊಳೆಸುತ್ತಾರೆ. ಬಣ್ಣವಿಲ್ಲದ ನೀರು ಗುಲಾಬಿಯಾಗುತ್ತದೆ. ಸೀಸೆಗೆ ಹಾಕಿ, ಮುದ್ರೆ ಒತ್ತಿ, ಪ್ರಯೋಗಾಲಯಕ್ಕೆ ಕಳಿಸುತ್ತಾರೆ.

ಇಷ್ಟೆಲ್ಲ ಇದ್ದೂ ಕೇಸು ಬಿದ್ದುಹೋಗುವುದು ಗುಲಾಬಿ ನೀರಿನಿಂದಲ್ಲ. ಹಣ ಕೈಯಲ್ಲಿತ್ತು ಎಂಬುದಷ್ಟೇ ಸಾಲದು, ಅಧಿಕಾರಿ ಬೇಡಿದರು ಎಂಬುದೂ ಸಾಬೀತಾಗಬೇಕು. ಬೇಡಿದ್ದನ್ನು ಕೇಳಿದವರು ದೂರುದಾರರು. ವಿಚಾರಣೆಗೆ ಬರುವ ಹೊತ್ತಿಗೆ ವರ್ಷಗಳಾಗಿರುತ್ತವೆ. ಅವರ ಕೆಲಸ ಅಷ್ಟರಲ್ಲಿ ಆಗಿಹೋಗಿರುತ್ತದೆ, ಅಥವಾ ಅದೇ ಕಚೇರಿಯಲ್ಲಿ ಅವರ ಇನ್ನೊಂದು ಅರ್ಜಿ ಇರುತ್ತದೆ. ಚಿಕ್ಕ ಜಿಲ್ಲೆ, ಎಲ್ಲರಿಗೂ ಎಲ್ಲರ ಗುರುತಿದೆ. ಕಟಕಟೆಯಲ್ಲಿ ನಿಂತು ‘ನನಗೆ ನೆನಪಿಲ್ಲ’ ಎನ್ನುತ್ತಾರೆ. 2022ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ನೀರಜ್ ದತ್ತಾ ಪ್ರಕರಣದಲ್ಲಿ ಇದಕ್ಕೆ ಸ್ವಲ್ಪ ಮದ್ದು ಕೊಟ್ಟಿತು: ದೂರುದಾರರು ಪ್ರತಿಕೂಲ ಸಾಕ್ಷಿಯಾದರೂ, ತೀರಿಹೋದರೂ, ಬೇರೆ ಸಾಕ್ಷ್ಯ ಮತ್ತು ಸಂದರ್ಭಗಳಿಂದ ಬೇಡಿಕೆಯನ್ನು ಸಾಬೀತುಪಡಿಸಬಹುದು. ದಾರಿ ತೆರೆದಿದೆ. ಆದರೂ ಧೈರ್ಯವಾಗಿ ನಿಂತ ಒಬ್ಬ ದೂರುದಾರರ ಬದಲಿಗೆ ನಿಲ್ಲಬಲ್ಲ ಸಾಕ್ಷ್ಯ ಸಿಗುವುದು ಸುಲಭವಲ್ಲ.

ಕೊಡಗಿನಲ್ಲಿ ಸಮಯ ಯಾಕೆ ದುಬಾರಿ

ಜಮೀನಿನ ದಾಖಲೆ ಇಲ್ಲಿ ಬೇರೆ ಜಿಲ್ಲೆಗಳ ಹಾಗಿಲ್ಲ. ಜಮ್ಮಾ ಭೂಮಿಯ, ಅಂದರೆ ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಹಿಡುವಳಿಯ, ಪಹಣಿಯಲ್ಲಿ ಎಷ್ಟೋ ಕಡೆ ಇಂದಿಗೂ ತಲೆಮಾರುಗಳ ಹಿಂದಿನ ಪಟ್ಟೇದಾರರ (ಕುಟುಂಬದ ಹಿರಿಯರ) ಹೆಸರಿದೆ. ಸಾಗು ಮಾಡುತ್ತಿರುವವರು ಮೊಮ್ಮಕ್ಕಳು, ಮರಿಮಕ್ಕಳು. ಅಂಥ ಕುಟುಂಬದಿಂದ ತುಂಡು ಭೂಮಿ ಕೊಂಡವರಿಗೂ ಆ ತೊಡಕು ಬಳುವಳಿಯಾಗಿ ಬರುತ್ತದೆ. ಪೌತಿ ಖಾತೆಗೆ (ತೀರಿಹೋದವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಿಸಲು) ವಂಶವೃಕ್ಷ, ಮರಣ ಪ್ರಮಾಣಪತ್ರ, ಪಾಲುದಾರರ ಒಪ್ಪಿಗೆ, ಮಾರಲು 11ಇ ಎಂಬ ಸರ್ವೆ ನಕ್ಷೆ, ಪಾಲನ್ನು ಬೇರ್ಪಡಿಸಲು ಪೋಡಿ. ಪಾಲುದಾರರೊಬ್ಬರು ಮುಂಬೈಯಲ್ಲಿ, ಇನ್ನೊಬ್ಬರ ವಿಳಾಸವೇ ಇಲ್ಲ. ಮರದ ವಿಷಯ ಇನ್ನೂ ಬಿಗಿ. ‘ಅನ್‌ರಿಡೀಮ್ಡ್’ ಎಂದು, ಅಂದರೆ ಮರದ ಬೆಲೆ ಕಟ್ಟಿ ಬಿಡಿಸಿಕೊಂಡಿಲ್ಲ ಎಂದು, ದಾಖಲಾದ ಭೂಮಿಯಲ್ಲಿ ಮಣ್ಣು ರೈತರದ್ದಾದರೂ ಮರದ ಬೆಲೆ ಸರ್ಕಾರಕ್ಕೆ ಸೇರುತ್ತದೆ. ಗಾಳಿಮಳೆಗೆ ಮನೆಯ ಮೇಲೆ ವಾಲಿದ ಮರ ಕಡಿಯಬೇಕೆಂದರೂ ಯಾವ ಬಾಣೆ (ಗದ್ದೆಗೆ ಸೇರಿದ ಮರಗಾಡು ಭೂಮಿ), ಯಾವ ದಾಖಲೆ ಎಂದು ಯಾರಾದರೂ ನಿರ್ಧರಿಸಬೇಕು. ಪೈಸಾರಿಯಲ್ಲಿ (ಸರ್ಕಾರಿ ಪಾಳು ಜಮೀನಿನಲ್ಲಿ) ಮನೆ ಕಟ್ಟಿಕೊಂಡವರ, ತೋಟದ ಕೂಲಿಕಾರರ ಲೈನ್ ಮನೆ ಬಿಟ್ಟು ನಿವೇಶನಕ್ಕೆ ಅರ್ಜಿ ಹಾಕಿದವರ ಕೈಯಲ್ಲಿ ಕಾಗದವೇ ಕಡಿಮೆ.

ಕಾರ್ಯಕಾರಣ ಇಲ್ಲಿ ಸ್ಪಷ್ಟ. ದಾಖಲೆ ಅಸ್ಪಷ್ಟವಾಗಿದ್ದಷ್ಟೂ ‘ಆಗುತ್ತದೆ’, ‘ಆಗುವುದಿಲ್ಲ’ ಎನ್ನುವ ಅಧಿಕಾರ ಒಬ್ಬ ವ್ಯಕ್ತಿಯ ವಿವೇಚನೆಗೆ ಬೀಳುತ್ತದೆ. ಆ ವ್ಯಕ್ತಿ ‘ಇಲ್ಲ’ ಎಂದು ಬರೆದುಕೊಡಬೇಕಿಲ್ಲ. ಸುಮ್ಮನೆ ಇಟ್ಟುಕೊಂಡರೆ ಸಾಕು. ಜೂನ್‌ನಿಂದ ಸುರಿಯುವ ಮಳೆ, ಬ್ಯಾಂಕ್ ಸಾಲದ ಗಡುವು, ಕಾಫಿ ಕುಯ್ಲಿಗೆ ಮುಂಚೆ ಬೇಕಾದ ದುಡ್ಡು, ಮಗಳ ಮದುವೆ, ಇವೆಲ್ಲ ಆ ಮೌನಕ್ಕೆ ಬೆಲೆ ಕಟ್ಟುತ್ತವೆ. ಮಧ್ಯವರ್ತಿ ಹುಟ್ಟುವುದು ಈ ಜಾಗದಲ್ಲಿ. ಆತ ಕೆಲಸ ಮಾಡಿಸುತ್ತಾನೆ ಎನ್ನುವುದಕ್ಕಿಂತ ಕಾಯುವುದನ್ನು ತಪ್ಪಿಸುತ್ತಾನೆ ಎನ್ನುವುದೇ ಸರಿ. ‘ಮಾಮೂಲು’ ಎಂಬ ಪದವನ್ನೇ ನೋಡಿ: ವಾಡಿಕೆ ಎಂದರ್ಥ. ಹೆಸರಿನಲ್ಲೇ ನಾಚಿಕೆ ಸತ್ತಿದೆ.

ಸತ್ಯವೇದ ಎಲ್ಲಿ ಬೆರಳಿಡುತ್ತದೆ

ಭ್ರಷ್ಟ ಎಂದರೆ ಜಾರಿಬಿದ್ದದ್ದು, ಇದ್ದ ಜಾಗದಿಂದ ಕೆಳಗೆ ಬಂದದ್ದು. ಮನುಷ್ಯನ ಬೀಳುವಿಕೆಯ ಬಗ್ಗೆ ಕ್ರೈಸ್ತ ಬೋಧನೆ ಹೇಳುವುದಕ್ಕೆ ಈ ಪದ ಬಹಳ ಹತ್ತಿರ. ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯದಲ್ಲಿ ಅಪೊಸ್ತಲ ಪೌಲನು ಇಡೀ ಸೃಷ್ಟಿಯೇ ‘ನಾಶದ’ ದಾಸತ್ವದಲ್ಲಿದೆ ಎನ್ನುವಾಗ ಬಳಸುವ ಗ್ರೀಕ್ ಪದಕ್ಕೆ ಕೊಳೆಯುವಿಕೆ ಎಂಬ ಅರ್ಥವೂ ಇದೆ. ಲಂಚ ಆ ಕೊಳೆಯುವಿಕೆಯ ಒಂದು ರೂಪ.

ಲಂಚದ ಬಗ್ಗೆ ಸತ್ಯವೇದ (ಬೈಬಲ್) ಮುಗ್ಧವಾಗಿ ಮಾತಾಡುವುದಿಲ್ಲ. ಕೊಡುವವನ ಕಣ್ಣಿಗೆ ಅದು ಮಾಯಾಮಣಿಯ ಹಾಗೆ, ತಿರುಗಿಸಿದ ಕಡೆಯೆಲ್ಲ ಕೆಲಸ ಮಾಡುತ್ತದೆ ಎಂದು ಜ್ಞಾನೋಕ್ತಿಗಳು 17:8 ಒಪ್ಪಿಕೊಳ್ಳುತ್ತದೆ. ಬಡವರ ಹಿಂಸೆ ಕಂಡು ಬೆರಗಾಗಬೇಡ, ಅಧಿಕಾರಿಯ ಮೇಲೊಬ್ಬ ಅಧಿಕಾರಿ, ಅವರ ಮೇಲೆ ಇನ್ನೂ ಕೆಲವರು ಇದ್ದಾರೆ ಎಂದು ಪ್ರಸಂಗಿ 5:8 ವ್ಯವಸ್ಥೆಯ ಮೆಟ್ಟಿಲುಗಳನ್ನೇ ತೋರಿಸುತ್ತದೆ. ನಿಷೇಧದ ಕಾರಣ ವಿಮೋಚನಕಾಂಡ 23:8ರಲ್ಲಿದೆ: ಲಂಚ ಕಣ್ಣಿದ್ದವರನ್ನು ಕುರುಡರನ್ನಾಗಿಸುತ್ತದೆ. ಹಣ ಕೈಬದಲಾದದ್ದಕ್ಕಿಂತ ನೋಡುವ ಶಕ್ತಿ ಹೋದದ್ದು ದೊಡ್ಡ ನಷ್ಟ. ಮೇಜಿನ ಮುಂದೆ ನಿಂತ ಜೇನುಕುರುಬ ಹೆಂಗಸು ಅಧಿಕಾರಿಯ ಕಣ್ಣಿಗೆ ಬೀಳುವುದೇ ಇಲ್ಲ.

ಇಲ್ಲಿ ಗಮನಿಸಬೇಕಾದದ್ದು, ಮೋಶೆಯ ಧರ್ಮಶಾಸ್ತ್ರದ ಬಿಗಿ ಮಾತುಗಳು ಹೆಚ್ಚಾಗಿ ತೆಗೆದುಕೊಳ್ಳುವವರಿಗೇ ಹೇಳಿದ್ದು. ಹಾಗಾಗಿ ಕ್ರೈಸ್ತ ನೀತಿಚಿಂತಕರು ಎರಡು ಸಂಗತಿಗಳನ್ನು ಬೇರೆ ಮಾಡುತ್ತಾರೆ. ತನಗೆ ಸೇರದ್ದನ್ನು ಪಡೆಯಲು ಕೊಡುವುದು ಅನ್ಯಾಯವನ್ನು ಕೊಳ್ಳುವುದು; ಅದು ಪಾಪವೇ, ವಾದವಿಲ್ಲ. ನೆರೆಯವರ ಗಡಿಕಲ್ಲು ಸರಿಸಲು ಸರ್ವೆಯಲ್ಲಿ ಕೈಯಾಡಿಸಿದವರು ‘ಎಲ್ಲರೂ ಕೊಡುತ್ತಾರೆ’ ಎಂದರೆ ಅದು ನೆವ. ತನ್ನದೇ ಹಕ್ಕಿನ ಕಾಗದವನ್ನು ಒತ್ತೆ ಇಟ್ಟುಕೊಂಡವರಿಗೆ ಕೊಡುವುದು ಸುಲಿಗೆಗೆ ಸಿಕ್ಕುವುದು. ದೋಷದ ಭಾರ ಸುಲಿದವರ ಮೇಲೆ. ಆದರೆ ಎರಡನೆಯದನ್ನು ಮುಚ್ಚಿಟ್ಟರೆ ಮುಂದಿನವರಿಗೆ ದರ ನಿಗದಿಯಾಗುತ್ತದೆ. ಏಳು ದಿನದ ನಿಯಮದ ತರ್ಕವೂ ಇದೇ.

ದೇವರ ಹೆಸರಿನಲ್ಲಿ ನಡೆಯುವ ಲಂಚಕ್ಕೆ ಮಾತ್ರ ಸತ್ಯವೇದದಲ್ಲಿ ರಿಯಾಯಿತಿಯೇ ಇಲ್ಲ. ‘ದೇವರು ವರ ಕೊಟ್ಟರೂ ಪೂಜಾರಿ ಕೊಡ’ ಎಂಬ ನಮ್ಮ ಗಾದೆಗೆ ತಕ್ಕ ಮನುಷ್ಯ ಗೇಹಜಿ. ಪ್ರವಾದಿ ಎಲೀಷನು ಸೇನಾಪತಿ ನಾಮಾನನ ಕುಷ್ಠ ವಾಸಿಯಾದದ್ದಕ್ಕೆ ಏನನ್ನೂ ಮುಟ್ಟಲಿಲ್ಲ. ಸೇವಕ ಗೇಹಜಿ ಹಿಂದೆ ಓಡಿಹೋಗಿ ಸುಳ್ಳು ಹೇಳಿ ಎರಡು ತಲಾಂತು ಬೆಳ್ಳಿ, ಎರಡು ಜೊತೆ ಬಟ್ಟೆ ತಂದ. ಉಚಿತವಾದದ್ದಕ್ಕೆ ಆತ ಬೆಲೆಚೀಟಿ ಅಂಟಿಸಿದ. ನಾಮಾನನ ಕುಷ್ಠ ಅವನಿಗೇ ಅಂಟಿತು.

ಫೇಲಿಕ್ಸನ ಎರಡು ವರ್ಷ

ಕೊಡಗಿನ ಅರ್ಜಿದಾರರಿಗೆ ಅತಿ ಹತ್ತಿರದ ಭಾಗ ಅಪೊಸ್ತಲರ ಕೃತ್ಯಗಳ 24ನೇ ಅಧ್ಯಾಯ. ಕೈಸರೈಯದಲ್ಲಿ ಪೌಲ ಸೆರೆಯಲ್ಲಿದ್ದಾನೆ. ರಾಜ್ಯಪಾಲ ಫೇಲಿಕ್ಸ ಅವನನ್ನು ಪದೇ ಪದೇ ಕರೆಸಿ ಮಾತಾಡುತ್ತಾನೆ. ಕಾರಣವನ್ನು 26ನೇ ವಚನ ಬಿಚ್ಚಿ ಹೇಳುತ್ತದೆ: ಪೌಲನಿಂದ ಹಣ ಸಿಕ್ಕೀತು ಎಂಬ ಆಸೆ. ತಾನು ಜನರಿಗೆ ಧರ್ಮದ್ರವ್ಯ ತಂದವನೆಂದು ಪೌಲನೇ ವಿಚಾರಣೆಯಲ್ಲಿ ಹೇಳಿದ್ದ. ಹಣದ ವಾಸನೆ ಫೇಲಿಕ್ಸನಿಗೆ ತಾಗಿತ್ತು. ಬಾಯಿಬಿಟ್ಟು ಕೇಳಿದ ದಾಖಲೆ ಇಲ್ಲ. ಕರೆಸಿದ, ಮಾತಾಡಿದ, ಕಳಿಸಿದ. ‘ನಾಳೆ ಬನ್ನಿ’ ಎಂಬುದರ ರೋಮನ್ ರೂಪ. ಎರಡು ವರ್ಷ ಕಳೆಯಿತು, ಫೇಲಿಕ್ಸನ ಜಾಗಕ್ಕೆ ಫೆಸ್ತ ಬಂದ, ಪೌಲ ಸೆರೆಯಲ್ಲೇ ಉಳಿದ.

ಪೌಲ ಕೊಡಲಿಲ್ಲ. ಸುಮ್ಮನೆ ಕೂರಲೂ ಇಲ್ಲ. ಇದಕ್ಕೆ ಮುಂಚೆ ಯೆರೂಸಲೇಮಿನಲ್ಲಿ ಕೊರಡೆಯಿಂದ ಹೊಡೆಯಲು ಕಟ್ಟಿದಾಗ ತಾನು ರೋಮನ್ ಪ್ರಜೆಯೆಂದು ಹಕ್ಕು ಎತ್ತಿದ್ದ. ಫೆಸ್ತನ ಮುಂದೆ ಚಕ್ರವರ್ತಿಗೇ ಮೇಲ್ಮನವಿ ಸಲ್ಲಿಸಿದ. ಆ ಎರಡು ವರ್ಷದಲ್ಲಿ ಅವನ ಕಡೆಯವರು ಬಂದು ಉಪಚಾರ ಮಾಡುವುದನ್ನು ತಡೆಯಬಾರದೆಂದು ಆದೇಶವೂ ಇತ್ತು (24:23). ಲಂಚ ಕೊಡದಿರುವುದು, ಕಾನೂನಿನ ಪ್ರತಿ ಮೆಟ್ಟಿಲು ಹತ್ತುವುದು, ಕಾಯುವವನನ್ನು ಜೊತೆಗಾರರು ನೋಡಿಕೊಳ್ಳುವುದು. ಮೂರೂ ಒಂದೇ ಕಥೆಯಲ್ಲಿವೆ.

ಕ್ರೈಸ್ತ ಸಭೆಗಳೊಳಗಿನ ಭಿನ್ನ ನಿಲುವು

ಒಂದು ಗುಂಪು ಹೃದಯದ ಬದಲಾವಣೆಯೇ ಮದ್ದು ಎನ್ನುತ್ತದೆ. ಯೇಸುವನ್ನು ಕಂಡು ಬದಲಾದ ಸುಂಕದವ ಜಕ್ಕಾಯನನ್ನು ಉದಾಹರಿಸುತ್ತದೆ: ಆಸ್ತಿಯ ಅರ್ಧ ಬಡವರಿಗೆ, ಸುಲಿದದ್ದಕ್ಕೆ ನಾಲ್ಕರಷ್ಟು ವಾಪಸು. ನಿಜ. ಆದರೆ ಒಬ್ಬ ಜಕ್ಕಾಯ ಸುಂಕದ ಕಟ್ಟೆಯಿಂದ ಎದ್ದುಹೋದರೆ ಆ ಕಟ್ಟೆ ಖಾಲಿ ಉಳಿಯುವುದಿಲ್ಲ. ಇನ್ನೊಂದು ಗುಂಪು ಇದಕ್ಕೇ ವ್ಯವಸ್ಥೆಯ ಕಡೆ ಬೆರಳು ತೋರಿಸುತ್ತದೆ. ಪೋಪ್ ಎರಡನೇ ಜಾನ್ ಪೌಲ್ 1987ರ ತಮ್ಮ ವಿಶ್ವಪತ್ರದಲ್ಲಿ ‘ಪಾಪದ ರಚನೆಗಳು’ ಎಂದು ಕರೆದದ್ದು ಇದನ್ನೇ. ವೈಯಕ್ತಿಕ ಪಾಪಗಳು ಸೇರಿ ಗಟ್ಟಿಯಾಗಿ, ಒಳ್ಳೆಯವರನ್ನೂ ಎಳೆದುಕೊಳ್ಳುವ ಸುಳಿಯಾಗುತ್ತವೆ.

ಮೂರನೆಯ ನಿಲುವು ಕೊಡಗಿನ ಹಲವು ಪ್ರಾರ್ಥನಾ ಕೂಟಗಳಲ್ಲಿ ಬಲವಾಗಿದೆ: ಇವು ಕಡೆಯ ದಿನಗಳು, ಲೋಕ ಕೆಡುತ್ತಲೇ ಹೋಗುತ್ತದೆ, ದೇವರ ರಾಜ್ಯ ಬಂದಾಗಲೇ ಇದು ಮುಗಿಯುವುದು. ಗೋಧಿಯನ್ನೂ ಹಣಜಿ ಎಂಬ ಕಳೆಯನ್ನೂ ಸುಗ್ಗಿಯ ತನಕ ಬೆಳೆಯಬಿಡಿ ಎಂಬ ಮತ್ತಾಯ 13ರ ಸಾಮ್ಯ (ದೃಷ್ಟಾಂತ ಕಥೆ) ಅವರ ಆಧಾರ. ಈ ನಿಲುವಿನಲ್ಲಿ ಒಂದು ದೊಡ್ಡ ಸತ್ಯವಿದೆ. ಕಾಯ್ದೆಗಳು, ಆಯೋಗಗಳು, ಚಳವಳಿಗಳು ಬಂದವು. ಯಾವುದೂ ಲಂಚವನ್ನು ಬೇರುಸಹಿತ ಕೀಳಲಿಲ್ಲ. ಮನುಷ್ಯನಿಂದ ಪೂರ್ತಿ ಆಗುವುದಿಲ್ಲ ಎನ್ನುವುದು ಸೋಲಿನ ಮಾತಲ್ಲ, ಅನುಭವದ ಮಾತು. ಆದರೆ ಆ ಸಾಮ್ಯ ತಡೆಯುವುದು ಮನುಷ್ಯರನ್ನು ಕಿತ್ತು ಬಿಸಾಡುವುದನ್ನು. ಕೆಟ್ಟ ಕೆಲಸವನ್ನು ಬಯಲಿಗೆಳೆಯಬೇಡಿ ಎಂದು ಅದು ಎಲ್ಲೂ ಹೇಳಿಲ್ಲ. ಕತ್ತಲೆಯ ಕೃತ್ಯಗಳನ್ನು ಬಯಲುಮಾಡಿರಿ ಎಂದು ಎಫೆಸ 5:11 ನೇರವಾಗಿಯೇ ಹೇಳುತ್ತದೆ.

ಕಾಫಿ ಬೆಳೆಗಾರರಿಗೆ ಈ ತರ್ಕ ಹೊಸದಲ್ಲ. ಅರೇಬಿಕಾ ಗಿಡದ ಬಿಳಿ ಕಾಂಡಕೊರಕ ಹೊರಗಿನಿಂದ ಕಾಣದು. ಮರಿಹುಳು ಕಾಂಡದೊಳಗೆ ಸುರಂಗ ಕೊರೆಯುತ್ತದೆ, ತೊಗಟೆಯ ಮೇಲೆ ಏರುಗೆರೆ ಎದ್ದಾಗ, ಎಲೆ ಹಳದಿಯಾದಾಗ ಗೊತ್ತಾಗುತ್ತದೆ. ದುಂಬಿ ಹಾರುವ ಎರಡು ಕಾಲ, ಏಪ್ರಿಲ್–ಮೇ ಮತ್ತು ಅಕ್ಟೋಬರ್–ಡಿಸೆಂಬರ್. ಅದಕ್ಕೆ ಮುಂಚೆ ಸಾಲುಸಾಲಾಗಿ ನಡೆದು ಗುರುತಿಸಿ, ಕಿತ್ತು, ಸುಡಬೇಕು. ಈ ಕೀಟ ತೋಟದಿಂದ ಪೂರ್ತಿ ನಿರ್ಮೂಲವಾಗುತ್ತದೆಂದು ಯಾವ ಬೆಳೆಗಾರರೂ ನಂಬಿಲ್ಲ. ಹಾಗೆಂದು ಒಂದು ವರ್ಷವೂ ಸುತ್ತು ಹೊಡೆಯದೆ ಬಿಡುವ ಹಾಗಿಲ್ಲ. ಬಿಟ್ಟವರ ತೋಟ ಉಳಿದಿಲ್ಲ.

ಅಂತ್ಯದ ನಿರೀಕ್ಷೆ ಇಂದು ಏನು ಮಾಡುತ್ತದೆ

ಯೆಶಾಯ 11ರಲ್ಲಿ ಬರಲಿರುವ ಅರಸನ ಲಕ್ಷಣ ಹೀಗಿದೆ: ಕಣ್ಣಿಗೆ ಕಂಡಂತೆ ತೀರ್ಪು ಕೊಡುವವನಲ್ಲ, ಬಡವರಿಗೆ ನ್ಯಾಯದಿಂದ ತೀರ್ಪು ಮಾಡುವವನು. ಲಂಚ ಕುರುಡು ಮಾಡಲಾರದ ನ್ಯಾಯಾಧೀಶ. ಪ್ರಕಟನೆ 18ರಲ್ಲಿ ಬಿದ್ದ ಬಾಬೆಲ್ ಪಟ್ಟಣದ ಸರಕುಪಟ್ಟಿ ಚಿನ್ನ ಬೆಳ್ಳಿಯಿಂದ ಶುರುವಾಗಿ ಮನುಷ್ಯ ಪ್ರಾಣಗಳಲ್ಲಿ ಮುಗಿಯುತ್ತದೆ. 21ರಲ್ಲಿ ದೇವರಿಂದ ಇಳಿದು ಬರುವ ಹೊಸ ಪಟ್ಟಣದೊಳಗೆ ಮೋಸಕ್ಕೆ ಪ್ರವೇಶವಿಲ್ಲ. ಅಂತ್ಯ ಖಚಿತವೆಂದು ನಂಬಿದವರಿಗೆ ಸಿಗುವ ಲಾಭ ಇದು: ಕೊಡದೆ ಕಾದದ್ದು ವ್ಯರ್ಥವಲ್ಲ ಎಂಬ ಭರವಸೆ. ಖಾತೆ ಮೂರು ತಿಂಗಳು ತಡವಾದರೂ ಅವರು ಸೋತಿಲ್ಲ. ಆ ಭರವಸೆಯಿಲ್ಲದಿದ್ದರೆ ಲೆಕ್ಕಾಚಾರ ಯಾವಾಗಲೂ ಮಧ್ಯವರ್ತಿಯ ಪರವಾಗಿಯೇ ಇರುತ್ತದೆ. ಬರೀ ಭರವಸೆ ಕೊಟ್ಟು ಬ್ಯಾಂಕಿನ ಗಡುವಿನ ಮುಂದೆ ಒಬ್ಬರನ್ನೇ ನಿಲ್ಲಿಸಿದರೆ ಮಾತ್ರ ಅದು ಕ್ರೌರ್ಯ.

ಸಭೆ ಏನು ಮಾಡಬಹುದು

ಈ ಜಿಲ್ಲೆಯ ಕ್ರೈಸ್ತ ಚರಿತ್ರೆಯಲ್ಲಿ ಇದಕ್ಕೆ ಬೇರು ಇದೆ. 1850ರ ದಶಕದಲ್ಲಿ ಬಾಸೆಲ್ ಮಿಶನ್ನಿನ ಹೆರ್ಮನ್ ಮೋಗ್ಲಿಂಗ್ ಸಿದ್ದಾಪುರದ ಬಳಿಯ ಆನಂದಪುರದಲ್ಲಿ ದಲಿತ ಕೂಲಿಕಾರರ ನಡುವೆ ಸಭೆ ಕಟ್ಟಿದಾಗ, ಅದು ಒಟ್ಟಿಗೆ ಬದುಕುವ ನೆಲೆಯೂ ಆಗಿತ್ತು.

ಮೊದಲು ಸಭೆ ತನ್ನ ಲೆಕ್ಕ ಸರಿಯಾಗಿಡಬೇಕು. ಯೆರೂಸಲೇಮಿನ ಬಡವರಿಗೆಂದು ಕೂಡಿಸಿದ ಕಾಣಿಕೆಯನ್ನು ಪೌಲ ಒಬ್ಬನೇ ಒಯ್ಯಲಿಲ್ಲ. ಯಾರೂ ಬೆರಳು ತೋರಿಸದಿರಲೆಂದು ಬೇರೆಯವರನ್ನು ಜೊತೆಗೆ ಕರೆದುಕೊಂಡ (2 ಕೊರಿಂಥ 8:20–21). ಕಾಣಿಕೆ ಡಬ್ಬಿಯನ್ನು ಇಬ್ಬರು ಎಣಿಸಿ ಸಹಿ ಹಾಕುವುದು, ವೋಚರಿಲ್ಲದೆ ಖರ್ಚು ಬರೆಯದಿರುವುದು, ಸಭೆಯ ಶಾಲೆಯ ಸೀಟಿಗೆ ರಸೀದಿಯಿಲ್ಲದ ಹಣ ಮುಟ್ಟದಿರುವುದು, ಕಟ್ಟಡ ಪರವಾನಗಿಗೆ ‘ಇತರೆ ಖರ್ಚು’ ಎಂದು ಬರೆಯದಿರುವುದು. ಕೊನೆಯದರಲ್ಲೇ ಹೆಚ್ಚಿನ ಸಮಿತಿಗಳು ಎಡವುತ್ತವೆ. ಅಲ್ಲಿ ಎಡವಿದ ಮೇಲೆ ವೇದಿಕೆಯ ಮಾತಿಗೆ ತೂಕವಿರುವುದಿಲ್ಲ.

ನಂತರ ಅರ್ಜಿಯ ಕೆಲಸ. ಸರ್ಕಾರಿ ಸೇವೆ ಗಡುವಿನೊಳಗೆ ಸಿಗಬೇಕೆನ್ನುವ ಸಕಾಲ ಕಾಯ್ದೆ 2011ರದ್ದು. ಅದರಡಿ ಬರುವ ಸೇವೆಗೆ ಅರ್ಜಿ ಕೊಟ್ಟರೆ 15 ಅಂಕಿಯ ಸ್ವೀಕೃತಿ ಸಂಖ್ಯೆ ಕೊಡಲೇಬೇಕು. ತಪ್ಪುವುದು ಇಲ್ಲೇ: ‘ಬಿಟ್ಟು ಹೋಗಿ, ನೋಡೋಣ’ ಎಂದರೆ ಜನ ಬಿಟ್ಟು ಬರುತ್ತಾರೆ, ಸಂಖ್ಯೆ ಹುಟ್ಟುವುದಿಲ್ಲ, ಗಡಿಯಾರ ಶುರುವಾಗುವುದಿಲ್ಲ. ಚೀಟಿ ಕೈಗೆ ಬರುವ ತನಕ ಕಿಟಕಿ ಬಿಡಬಾರದು. ಗಡುವು ಮೀರಿದರೆ ಸಕ್ಷಮ ಅಧಿಕಾರಿಗೆ ಮೇಲ್ಮನವಿ. ತಡವಾದ ಪ್ರತಿ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಮೊತ್ತ ಚಿಕ್ಕದು, ಆದರೆ ತಡ ದಾಖಲಾಗುತ್ತದೆ. ಗಡುವಿನ ಹಿಂದಿನ ದಿನ ಸಣ್ಣ ಕೊರತೆ ತೋರಿಸಿ ಅರ್ಜಿ ತಿರಸ್ಕರಿಸುವುದೂ ಉಂಟು. ದಾಖಲೆಗಳ ಪಟ್ಟಿಯನ್ನು ಮೊದಲೇ ನೋಡಿಕೊಂಡು, ಲಗತ್ತಿಸಿದ್ದನ್ನೆಲ್ಲ ಅರ್ಜಿಯ ಕೊನೆಯಲ್ಲಿ ಬರೆದು ಮೊಹರು ಹಾಕಿಸಿಕೊಂಡ ಪ್ರತಿ ಇಟ್ಟುಕೊಂಡರೆ ಆ ದಾರಿ ಮುಚ್ಚುತ್ತದೆ. ಕಡತ ನಿಂತರೆ 10 ರೂಪಾಯಿ ಶುಲ್ಕದಲ್ಲಿ ಮಾಹಿತಿ ಹಕ್ಕಿನ ಅರ್ಜಿ: ನನ್ನ ಅರ್ಜಿ ಯಾವ ದಿನದಿಂದ ಯಾವ ದಿನದವರೆಗೆ ಯಾರ ಬಳಿ ಇತ್ತು, ಟಿಪ್ಪಣಿ ಹಾಳೆಯ ಪ್ರತಿ ಕೊಡಿ. ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದ ಮೀರಬಾರದು. ಉತ್ತರಕ್ಕೆ 30 ದಿನ. ಬಾಯಿಬಿಟ್ಟು ಹಣ ಕೇಳಿದರೆ ಮಾತ್ರ ಲೋಕಾಯುಕ್ತ ಪೊಲೀಸರು; ಅಲ್ಲಿಗೆ ಹೋಗುವವರ ಜೊತೆ ಸಭೆಯ ಇಬ್ಬರು ಹೋಗಬೇಕು, ಮತ್ತು ವರ್ಷಗಳ ನಂತರ ಸಾಕ್ಷಿ ಹೇಳುವ ದಿನವೂ ಅದೇ ಇಬ್ಬರು ನ್ಯಾಯಾಲಯದ ಬೆಂಚಿನಲ್ಲಿ ಕುಳಿತಿರಬೇಕು. ಸಾಕ್ಷಿಗಳು ಬಾಗುವುದು ಒಂಟಿಯಾದಾಗ.

ತೆಗೆದುಕೊಂಡವರೂ ಸಭೆಯಲ್ಲಿದ್ದಾರೆ, ಅದನ್ನು ಮರೆಮಾಚಿ ಫಲವಿಲ್ಲ. ಸುಂಕದವರು ಬಂದು ‘ನಾವೇನು ಮಾಡಬೇಕು’ ಎಂದಾಗ ಸ್ನಾನಿಕ ಯೋಹಾನ ಕೆಲಸ ಬಿಡಿ ಎನ್ನಲಿಲ್ಲ, ನೇಮಕವಾದದ್ದಕ್ಕಿಂತ ಹೆಚ್ಚು ತೆಗೆದುಕೊಳ್ಳಬೇಡಿ ಎಂದ. ಹಿಂದಿನದ್ದಕ್ಕೆ ಸತ್ಯವೇದದ ಅರಣ್ಯಕಾಂಡ 5:7ರ ಅಳತೆ ಇದೆ: ಒಪ್ಪಿಕೊಂಡು, ಪೂರ್ತಿ ಹಿಂದಿರುಗಿಸಿ, ಐದರಲ್ಲೊಂದು ಪಾಲು ಸೇರಿಸಿ ಕೊಡಬೇಕು. ಐದು ಸಾವಿರ ತೆಗೆದುಕೊಂಡಿದ್ದರೆ ಆರು ಸಾವಿರ. ಅದನ್ನು ಕಾಣಿಕೆ ಡಬ್ಬಿಗೆ ಹಾಕಿ ಮನಸ್ಸು ಹಗುರ ಮಾಡಿಕೊಳ್ಳುವ ಹಾಗಿಲ್ಲ. ಅನ್ಯಾಯಕ್ಕೊಳಗಾದವರಾಗಲಿ ಅವರ ಹತ್ತಿರದ ಬಂಧುವಾಗಲಿ ಇಲ್ಲದಿದ್ದರೆ ಮಾತ್ರ ಅದು ಯಾಜಕನ ಮೂಲಕ ದೇವರಿಗೆ ಸೇರಬೇಕು.

ಇಷ್ಟಕ್ಕೆ ಬೇಕಾದ ಸಾಮಾನು ಒಂದು ನೋಟುಪುಸ್ತಕ. ಅರ್ಜಿದಾರರ ಹೆಸರು, ಸೇವೆ, ಸಕಾಲ ಸಂಖ್ಯೆ, ಗಡುವು, ಜೊತೆಗೆ ಹೋದವರು, ಕೆಲಸ ಆದ ದಿನ, ಕೊನೆಯ ಕಾಲಮಿನಲ್ಲಿ ಎಷ್ಟು ದಿನ ಕಾದರು. ಕಾಯುವ ಮನೆಗೆ ಬಡ್ಡಿಯಿಲ್ಲದ ಕೈಸಾಲ ಕೊಡಲು ಸಣ್ಣ ನಿಧಿ. ಒಂದು ವರ್ಷ ಇದನ್ನು ಬಿಡದೆ ಬರೆದರೆ ಯಾವ ಕಚೇರಿಯ ಯಾವ ಸೇವೆ ಎಲ್ಲಿ ನಿಲ್ಲುತ್ತದೆ ಎಂಬುದು ಆ ಕೊನೆಯ ಕಾಲಮಿನಲ್ಲಿ ಕಾಣುತ್ತದೆ. ಮಡಿಕೇರಿಯಲ್ಲಿ ಜಿಲ್ಲಾಧಿಕಾರಿಗಳ ಜನಸ್ಪಂದನ ಸಭೆಗೆ ಒಯ್ಯಬೇಕಾದ ಹಾಳೆ ಅದು, ಅರ್ಜಿದಾರರ ಒಪ್ಪಿಗೆಯ ಸಹಿಯೊಂದಿಗೆ.